ಹೃದಯ, ಶ್ವಾಸಕೋಶದಲ್ಲಿ ಸಂಶೋಧನಾ ಮಾಸ್ಟರ್ಸ್: ಒಂದೇ ಥೀಸಿಸ್ಸೋ, ಎರಡು ಪ್ರಾಜೆಕ್ಟೋ?

ಹೃದಯ, ಶ್ವಾಸಕೋಶದ ವಿಜ್ಞಾನದಲ್ಲಿ ಸಂಶೋಧನೆಯ ಮಾಸ್ಟರ್ಸ್ ಮಾಡಬೇಕು ಅಂತ ಹೊರಟವರಿಗೆ ಮುಖ್ಯವಾಗಿ ಎರಡು ದಾರಿ ಸಿಗುತ್ತವೆ. ಒಂದರಲ್ಲಿ ಮೊದಲ ದಿನದಿಂದ ಕೊನೆಯವರೆಗೂ ಒಬ್ಬರೇ ಗೈಡ್, ಒಂದೇ ವಿಷಯ, ಒಂದೇ ಥೀಸಿಸ್. ಇನ್ನೊಂದರಲ್ಲಿ ಶುರುವಿಗೆ ಕೆಲವು ವಾರ ಪಾಠ, ಆಮೇಲೆ ಬೇರೆ ಬೇರೆ ಲ್ಯಾಬಿನಲ್ಲಿ ಎರಡು ಪ್ರಾಜೆಕ್ಟ್. ಬ್ರಿಟಿಷ್ ಪದ್ಧತಿಯಲ್ಲಿ ಎಂ.ರೆಸ್. (ಮಾಸ್ಟರ್ ಆಫ್ ರಿಸರ್ಚ್) ಎಂಬ ಹೆಸರಿನಲ್ಲಿ ಬರುವುದು ಬಹಳ ಸಲ ಈ ಎರಡನೆಯ ಥರದ್ದು. ನಾನು ಎರಡನ್ನೂ ಸೇರಿ ನೋಡಿದ್ದೇನೆ. ಮೊದಲನೆಯದನ್ನು 5 ತಿಂಗಳಿಗೆ ಬಿಡಬೇಕಾಯಿತು, ಎರಡನೆಯದನ್ನು ಮುಗಿಸಿದೆ. ಬಿಟ್ಟ ಮಾತ್ರಕ್ಕೆ ಆ ದಾರಿ ಕೆಟ್ಟದ್ದು ಅಂತಲ್ಲ.

ಕಾಗದದ ಮೇಲಿನ ಅರ್ಹತೆ ನೋಡಿದರೆ ಎರಡಕ್ಕೂ ಅಂಥ ವ್ಯತ್ಯಾಸ ಕಾಣುವುದಿಲ್ಲ. ಜೀವವಿಜ್ಞಾನ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ, ಫಾರ್ಮಸಿ, ಬಯೋಮೆಡಿಕಲ್ ಎಂಜಿನಿಯರಿಂಗ್, ಇಲ್ಲವೇ ವೈದ್ಯಕೀಯ, ಇವುಗಳಲ್ಲಿ ಯಾವುದಾದರೂ ಒಂದು ಪದವಿ, ಒಳ್ಳೆಯ ಅಂಕ, ಎರಡು ಶಿಫಾರಸು ಪತ್ರ, ಯಾಕೆ ಈ ಕೋರ್ಸ್ ಅಂತ ಒಂದು ಪುಟದ ಬರಹ. ಡಾಕ್ಟರ್ ಆಗಿರಲೇಬೇಕು ಅಂದುಕೊಂಡು ಎಷ್ಟೋ ಜನ ಅರ್ಜಿಯನ್ನೇ ಹಾಕುವುದಿಲ್ಲ, ಅದು ತಪ್ಪು. ನನ್ನದು ಬರೀ ಫಿಸಿಯಾಲಜಿ ಪದವಿ. ಇಂಗ್ಲಿಷ್ ಪರೀಕ್ಷೆ ಕೇಳಿದರೆ ಐಇಎಲ್‌ಟಿಎಸ್‌ನಲ್ಲಿ 6.5 ಅಥವಾ 7 ಸಾಮಾನ್ಯ. ಅದರ ಫಲಿತಾಂಶ ನಡೆಯುವುದು 2 ವರ್ಷ ಮಾತ್ರ, ದಿನಾಂಕ ನೋಡಿಕೊಳ್ಳಿ. ಎರಡನೇ ಸಲ ಅರ್ಜಿ ಹಾಕುವ ಹೊತ್ತಿಗೆ ನನ್ನದು ಮುಗಿದೇ ಹೋಗಿತ್ತು, ಮತ್ತೆ ಕೂತು ಬರೆದೆ.

ಶಿಫಾರಸು ಪತ್ರದ ಬಗ್ಗೆ ಒಂದು ಮಾತು. ನೀವು ಲ್ಯಾಬಿನಲ್ಲಿ ಕೆಲಸ ಮಾಡಿದ್ದನ್ನು ಕಣ್ಣಾರೆ ಕಂಡವರಿಂದಲೇ ಬರೆಸಿ. ಕ್ಲಾಸಿನಲ್ಲಿ ಎರಡನೇ ರ‍್ಯಾಂಕ್ ಅನ್ನುವ ವಾಕ್ಯಕ್ಕಿಂತ, ಪ್ರಯೋಗ ಮೂರು ಸಲ ಕೆಟ್ಟರೂ ಏನು ಕೆಟ್ಟಿತು ಅಂತ ಬರೆದಿಟ್ಟಿದ್ದಳು ಅನ್ನುವ ವಾಕ್ಯಕ್ಕೆ ತೂಕ ಜಾಸ್ತಿ. ನನ್ನ ಇಂಟರ್‌ವ್ಯೂ ಶುರುವಾದದ್ದೇ ಆ ವಾಕ್ಯದಿಂದ.

ನಿಜವಾದ ವ್ಯತ್ಯಾಸ ಇರುವುದು ಕಾಗದದ ಹೊರಗೆ. ಒಂದೇ ಥೀಸಿಸ್ ದಾರಿಯಲ್ಲಿ ಅರ್ಜಿಗಿಂತ ಮೊದಲು ಒಬ್ಬ ಗೈಡ್ ಒಪ್ಪಬೇಕು, ಅವರು ಒಪ್ಪಬೇಕಾದರೆ ನಿಮ್ಮ ಹತ್ತಿರ ಒಂದು ಪ್ರಶ್ನೆ ಇರಬೇಕು, ಆ ಪ್ರಶ್ನೆ ನಿಮಗಿರುವ ಸಮಯದಲ್ಲಿ ಮುಗಿಯುವಂಥದ್ದಾಗಿರಬೇಕು. ಎರಡು ಪ್ರಾಜೆಕ್ಟ್ ದಾರಿಯಲ್ಲಿ ಇದ್ಯಾವುದೂ ಬೇಡ. ಸೀಟು ಸಿಕ್ಕ ಮೇಲೆ ಲ್ಯಾಬುಗಳ ಪಟ್ಟಿ ಕೊಡುತ್ತಾರೆ, ಅದರಲ್ಲಿ ಆರಿಸಿಕೊಳ್ಳುವುದು.

ಮೊದಲ ಸಲ ನಾನು ಬರೆದ ಪ್ರಪೋಸಲ್ ನಾಲ್ಕು ಪುಟ ಇತ್ತು. ಸಿಗರೇಟ್ ಹೊಗೆಯಿಂದ ಶ್ವಾಸನಾಳದ ಒಳಪದರಕ್ಕೆ ಏನಾಗುತ್ತದೆ ಅನ್ನುವುದು ವಿಷಯ. ಗೈಡ್ ಅದನ್ನು ಪೂರ್ತಿ ಓದಿ ಒಂದೇ ಪ್ರಶ್ನೆ ಕೇಳಿದರು: ಎಷ್ಟು ಜನ ದಾನಿಗಳ ಜೀವಕೋಶ, ಎಷ್ಟು ವಾರ? ನನ್ನಲ್ಲಿ ಉತ್ತರ ಇರಲಿಲ್ಲ. ಆ ಪ್ರಶ್ನೆ ಯಾಕೆ ಮುಖ್ಯ ಅಂತ ಅರ್ಥವಾದದ್ದು ಕೆಲಸಕ್ಕೆ ಇಳಿದ ಮೇಲೆ. ಶ್ವಾಸನಾಳದ ಜೀವಕೋಶಗಳನ್ನು ಸಣ್ಣ ರಂಧ್ರಗಳಿರುವ ಒಂದು ಪೊರೆಯ ಮೇಲೆ ಬೆಳೆಸುತ್ತಾರೆ. ಅವು ಪೊರೆಯನ್ನೆಲ್ಲ ತುಂಬಿಕೊಂಡ ಮೇಲೆ ಮೇಲಿನ ದ್ರವ ತೆಗೆದುಬಿಡಬೇಕು, ಆಗ ಕೆಳಗಿನಿಂದ ಆಹಾರ, ಮೇಲಿನಿಂದ ಗಾಳಿ, ನಮ್ಮ ಶ್ವಾಸನಾಳದಲ್ಲಿ ಇರುವ ಹಾಗೆಯೇ. ಅಲ್ಲಿಂದ 21ರಿಂದ 28 ದಿನ ಕಾಯಬೇಕು. ಮಧ್ಯದಲ್ಲಿ ಎಲ್ಲಾದರೂ ಫಂಗಸ್ ಬಂದರೆ ಮತ್ತೆ ಮೊದಲಿನಿಂದ. ನನಗೆ 17ನೇ ದಿನ ಬಂತು. ಬೆಳಿಗ್ಗೆ ಪ್ಲೇಟ್ ಎತ್ತಿ ನೋಡಿದರೆ ಒಂದು ಬಾವಿಯಲ್ಲಿ, ಅಂದರೆ ಜೀವಕೋಶ ಬೆಳೆಸುವ ಸಣ್ಣ ಗುಂಡಿಯಲ್ಲಿ, ಹತ್ತಿಯ ಎಳೆಯಂಥ ಬಿಳಿ ಮಚ್ಚೆ. ಇಡೀ ಪ್ಲೇಟನ್ನೇ ಎಸೆದೆ.

ಆದರೆ ಮುಂದಿನ ಸುತ್ತಿನಲ್ಲಿ 24ನೇ ದಿನ ಮೈಕ್ರೋಸ್ಕೋಪಿನಲ್ಲಿ ಕಂಡದ್ದನ್ನು ಮರೆಯಲು ಆಗುವುದಿಲ್ಲ. ಸಿಲಿಯಾಗಳು, ಅಂದರೆ ಜೀವಕೋಶದ ಮೇಲಿನ ಕೂದಲಿನಂಥ ಸಣ್ಣ ಎಳೆಗಳು, ಬಡಿಯುತ್ತಿದ್ದವು. ಗಾಳಿ ಬೀಸಿದಾಗ ಭತ್ತದ ಪೈರು ಒಂದೇ ಕಡೆಗೆ ವಾಲುತ್ತದಲ್ಲ, ಹಾಗೆ. ಮೇಲಿದ್ದ ಲೋಳೆ ಮೆಲ್ಲಗೆ ಸುತ್ತುತ್ತಿತ್ತು. ಇದಕ್ಕೇ ನಾನು ಬಂದದ್ದು ಅನಿಸಿತು.

ಇಲ್ಲೇ ಇನ್ನೊಂದು ಪಾಠ. ಒಬ್ಬರೇ ದಾನಿಯ ಜೀವಕೋಶದಿಂದ 12 ಬಾವಿ ತುಂಬಿಸಿದರೆ ನಿಮ್ಮ ಲೆಕ್ಕ 12 ಅಲ್ಲ, 1. ಬಾವಿ ಬೇರೆಯಾದರೂ ಮನುಷ್ಯ ಒಬ್ಬರೇ ಅಲ್ವಾ. ಇದು ಗೊತ್ತಿಲ್ಲದೆ ಬರೆದ ಥೀಸಿಸ್ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ನಿಲ್ಲುವುದಿಲ್ಲ. ಅರ್ಹತೆಯ ಪಟ್ಟಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಅಂತ ಒಂದು ಪದ ಇರುತ್ತದೆ, ಅಷ್ಟೇ. ಅದನ್ನು ಸುಮ್ನೆ ಓದಿ ಮುಂದೆ ಹೋಗಬೇಡಿ.

5ನೇ ತಿಂಗಳಲ್ಲಿ ಗೈಡ್ ಬೇರೆ ಕಡೆ ಕೆಲಸಕ್ಕೆ ಹೋದರು. ಲ್ಯಾಬ್ ಮುಚ್ಚಿತು. ಬೇರೆಯವರ ಕೈಕೆಳಗೆ ಮುಂದುವರಿಸಬಹುದು ಅಂದರು, ಆದರೆ ಅಲ್ಲಿ ಜೀವಕೋಶ ಬೆಳೆಸುವ ವ್ಯವಸ್ಥೆಯೇ ಇರಲಿಲ್ಲ, ವಿಷಯವನ್ನೇ ಬದಲಿಸಬೇಕಿತ್ತು. ತುಂಬ ನೋವಾಯಿತು. ಒಂದೇ ಥೀಸಿಸ್ ದಾರಿಯ ದೊಡ್ಡ ಅಪಾಯ ಇದೇ: ಎಲ್ಲವೂ ಒಬ್ಬರ ಮೇಲೆ ನಿಂತಿರುತ್ತದೆ. ಸೇರುವಾಗ ಎರಡನೇ ಗೈಡ್ ಯಾರು ಅಂತ ನಾನು ಕೇಳಿರಲಿಲ್ಲ.

ಮರುವರ್ಷ ಎರಡು ಪ್ರಾಜೆಕ್ಟ್ ಕೋರ್ಸಿಗೆ ಸೇರಿದೆ. ಮೊದಲ ಪ್ರಾಜೆಕ್ಟ್ ಹೃದಯದ್ದು. ಇಲ್ಲಿ ಕಾಲದ ಲೆಕ್ಕವೇ ಬೇರೆ. ಇಲಿಯ ಹೃದಯ ತೆಗೆದು, ಮಹಾಪಧಮನಿಯನ್ನು ಒಂದು ಸಣ್ಣ ನಳಿಕೆಗೆ ದಾರದಿಂದ ಕಟ್ಟಿ, ಅದರ ಮೂಲಕ ಬೆಚ್ಚಗಿನ ದ್ರವ ಹಾಯಿಸುತ್ತಾರೆ. ಜರ್ಮನಿಯ ಫಿಸಿಯಾಲಜಿಸ್ಟ್ ಆಸ್ಕರ್ ಲಾಂಗೆಂಡಾರ್ಫ್ 1895ರಲ್ಲಿ ತೋರಿಸಿಕೊಟ್ಟ ಉಪಾಯ ಇದು, ಇವತ್ತಿಗೂ ನಡೆಯುತ್ತಿದೆ. ಆಮೇಲೆ ಕೊಲಾಜಿನೇಸ್ ಎಂಬ ಕಿಣ್ವ ಹಾಯಿಸಿದರೆ ಸ್ನಾಯು ಮೆತ್ತಗಾಗಿ ಜೀವಕೋಶಗಳು ಬಿಡಿಬಿಡಿಯಾಗುತ್ತವೆ. ಬದುಕಿರುವವು ಇಟ್ಟಿಗೆಯ ಹಾಗೆ ಉದ್ದಕ್ಕೆ, ಮೈಮೇಲೆ ಅಡ್ಡ ಗೆರೆ. ಸತ್ತವು ದುಂಡಗೆ. ಜೀವಕೋಶ ಬಿಡಿಸಲೆಂದು ದ್ರವದಿಂದ ತೆಗೆದಿದ್ದ ಕ್ಯಾಲ್ಸಿಯಂ ಅನ್ನು ಸ್ವಲ್ಪ ಸ್ವಲ್ಪವಾಗಿಯೇ ವಾಪಸ್ ಕೊಡಬೇಕು, ಅವಸರ ಮಾಡಿದರೆ ಕಣ್ಣ ಮುಂದೆಯೇ ಎಲ್ಲ ಸುರುಟಿಕೊಂಡು ದುಂಡಗಾಗುತ್ತವೆ. ಮೊದಲ ಮೂರು ವಾರ ನನಗೆ ಬರೀ ದುಂಡು ಜೀವಕೋಶಗಳೇ.

ಸರಿಯಾಗಿ ಬಂದ ದಿನವೂ ನಮ್ಮ ಅಳತೆಗಳಿಗೆ ಅವು ಸಂಜೆಯವರೆಗೆ ಮಾತ್ರ. ಹಾಗಾಗಿ ಬೆಳಿಗ್ಗೆ 8ಕ್ಕೆ ಶುರು ಮಾಡಿದರೆ ಸಂಜೆ ಅಳತೆ ಮುಗಿಯುವ ತನಕ ಎದ್ದು ಹೋಗುವ ಹಾಗಿಲ್ಲ. ಶ್ವಾಸನಾಳದ ಕೆಲಸದಲ್ಲಿ ತಿಂಗಳು ಕಾಯಬೇಕು, ಹೃದಯದ ಕೆಲಸದಲ್ಲಿ ದಿನ ಮೀರುವಂತಿಲ್ಲ. ಆದರೆ ಇವತ್ತು ಕೆಟ್ಟರೆ ನಾಳೆ ಮತ್ತೆ ಮಾಡಬಹುದು. ನಾಲ್ಕೈದು ತಿಂಗಳ ಪ್ರಾಜೆಕ್ಟಿಗೆ ಇದು ಹೊಂದುತ್ತದೆ. ಅಷ್ಟೇ ಸಮಯದಲ್ಲಿ ಶ್ವಾಸನಾಳದ್ದು ಹೆಚ್ಚೆಂದರೆ ಮೂರು ನಾಲ್ಕು ಸುತ್ತು ಆಗಬಹುದು, ಅದೂ ಏನೂ ಕೆಡದಿದ್ದರೆ.

ಪಟ್ಟಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುವ ಬೇಡಿಕೆಗಳು ಇಲ್ಲಿ ಕಾಡುತ್ತವೆ. ಪ್ರಾಣಿಗಳ ಜೊತೆ ಕೆಲಸಕ್ಕೆ ತರಬೇತಿ, ಅನುಮತಿ, ಕೆಲವು ಕಡೆ ಅಲರ್ಜಿ ತಪಾಸಣೆ. ಮನುಷ್ಯರ ರಕ್ತ, ಅಂಗಾಂಶ ಮುಟ್ಟಬೇಕಾದರೆ ಹೆಪಟೈಟಿಸ್ ಬಿ ಲಸಿಕೆ. ಅದರ ಸಾಮಾನ್ಯ ಕ್ರಮ 0, 1, 6 ತಿಂಗಳಿಗೆ ಮೂರು ಡೋಸ್, ಅಂದರೆ ಸೇರಿದ ಮೇಲೆ ಶುರು ಮಾಡಿದರೆ ಒಂದು ಪ್ರಾಜೆಕ್ಟೇ ಕಳೆದುಹೋಗುತ್ತದೆ. ರೋಗಿಗಳ ಮಾಹಿತಿಗೆ ಎಥಿಕ್ಸ್ ಸಮಿತಿಯ ಒಪ್ಪಿಗೆ. ಒಂದೇ ಥೀಸಿಸ್ ದಾರಿಯಲ್ಲಿ ಈ ಕಾಯುವಿಕೆ ಒಮ್ಮೆ. ಎರಡು ಪ್ರಾಜೆಕ್ಟಿನಲ್ಲಿ ಎರಡು ಸಲ. ನನಗೆ ತರಬೇತಿ, ಸಹಿ ಅಂತಲೇ ಮೊದಲ ಪ್ರಾಜೆಕ್ಟಿನಲ್ಲಿ ಐದು ವಾರ ಹೋಯಿತು. ಇದು ಈ ದಾರಿಯ ದೊಡ್ಡ ಕೊರತೆ. ಕೈ ಪಳಗುವ ಹೊತ್ತಿಗೆ ವರದಿ ಬರೆಯುವ ದಿನ ಬಂದಿರುತ್ತದೆ.

ಎರಡನೇ ಪ್ರಾಜೆಕ್ಟಿಗೆ ಬೇಕೆಂದೇ ಕಂಪ್ಯೂಟರ್ ಕೆಲಸ ಆರಿಸಿಕೊಂಡೆ: ಮೊದಲೇ ಸೇರಿಸಿಟ್ಟಿದ್ದ ಸ್ಪೈರೋಮೆಟ್ರಿ (ಊದಿಸಿ ಉಸಿರು ಅಳೆಯುವ ಪರೀಕ್ಷೆ) ಮಾಹಿತಿ. ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿಯನ್ನು ಒಟ್ಟು ಗಾಳಿಯಿಂದ ಭಾಗಿಸಿ, 0.70ಕ್ಕಿಂತ ಕಡಿಮೆ ಬಂದರೆ ಶ್ವಾಸನಾಳ ಕಟ್ಟಿದೆ ಅನ್ನುವುದು ಒಂದು ಕ್ರಮ. ವಯಸ್ಸು, ಎತ್ತರಕ್ಕೆ ತಕ್ಕಂತೆ ಕೆಳಗಿನ ಮಿತಿ ಹಾಕುವುದು ಇನ್ನೊಂದು. ವಯಸ್ಸಾದಂತೆ ಆ ಅನುಪಾತ ತಾನಾಗಿಯೇ ಇಳಿಯುತ್ತದೆ. ಹಾಗಾಗಿ 0.70 ಅಂತ ಗೆರೆ ಎಳೆದರೆ ಆರೋಗ್ಯವಾಗಿರುವ ವಯಸ್ಸಾದವರೂ ರೋಗಿಗಳ ಸಾಲಿಗೆ ಬರುತ್ತಾರೆ, ಕಾಯಿಲೆ ಇರುವ ಚಿಕ್ಕ ವಯಸ್ಸಿನವರು ತಪ್ಪಿಸಿಕೊಳ್ಳುತ್ತಾರೆ. ಒಂದು ಸಾಲು ಕೋಡ್ ಬದಲಿಸಿದ ತಕ್ಷಣ ಅದೇ ಜನ ಈ ಕಡೆಯಿಂದ ಆ ಕಡೆ ಹೋಗುವುದನ್ನು ನೋಡಿ ತುಂಬ ಹೊತ್ತು ಕೂತಿದ್ದೆ. ಒಬ್ಬರಿಗೆ ಹಚ್ಚುವ ಹಣೆಪಟ್ಟಿ ಅದು. ಎರಡನೇ ಪ್ರಾಜೆಕ್ಟ್ ಇಲ್ಲದಿದ್ದರೆ ಈ ಪ್ರಶ್ನೆ ನನಗೆ ಸಿಗುತ್ತಲೇ ಇರಲಿಲ್ಲ.

ಬರವಣಿಗೆಯ ವಿಷಯದಲ್ಲಿ ಒಂದೇ ಥೀಸಿಸ್ ದಾರಿಯೇ ಮೇಲು. ಆಳವಾಗಿ ಓದುವುದಕ್ಕೆ ಪುರುಸೊತ್ತು ಇರುತ್ತದೆ, ಒಂದು ಪ್ರಬಂಧ ಪ್ರಕಟವಾಗುವ ಅವಕಾಶವೂ ಜಾಸ್ತಿ. ಮುಂದೆ ಪಿಎಚ್‌ಡಿ ಇದೇ ವಿಷಯದಲ್ಲಿ ಅಂತ ಗಟ್ಟಿ ಇದ್ದವರು, ಈಗಾಗಲೇ ಆ ಗೈಡ್ ಜೊತೆ ಕೆಲಸ ಮಾಡಿ ಗೊತ್ತಿದ್ದವರು ಅದಕ್ಕೇ ಹೋಗಿ. ಹೃದಯವೋ ಶ್ವಾಸಕೋಶವೋ, ಲ್ಯಾಬ್ ಬೆಂಚೋ ಕಂಪ್ಯೂಟರೋ ಅಂತ ಇನ್ನೂ ಗೊತ್ತಾಗದವರಿಗೆ ನಾನು ಎರಡು ಪ್ರಾಜೆಕ್ಟನ್ನೇ ಹೇಳುತ್ತೇನೆ. ಒಂದು ಕೆಟ್ಟರೂ ಇನ್ನೊಂದು ಕೈಯಲ್ಲಿರುತ್ತದೆ.

ಯಾವುದಕ್ಕೇ ಹೋಗಿ, ಒಪ್ಪುವ ಮುಂಚೆ ಲ್ಯಾಬಿಗೆ ಒಂದು ಮೇಲ್ ಬರೆಯಿರಿ. ಅನುಮತಿಗಳು ಈಗಾಗಲೇ ಇವೆಯಾ, ನಾನು ಹೊಸದಾಗಿ ತರಬೇಕಾ? ಗೈಡ್ ಇಲ್ಲದಾಗ ದಿನವೂ ಪಕ್ಕದಲ್ಲಿ ನಿಂತು ಕಲಿಸುವವರು ಯಾರು? ಹಿಂದಿನ ವಿದ್ಯಾರ್ಥಿಯ ಹತ್ತಿರ ಮಾತಾಡಬಹುದಾ? ಎರಡನೇ ಸಲ ಸೀಟು ಸಿಕ್ಕು ಪಟ್ಟಿ ಬಂದಾಗ ನಾನು ಆರು ಲ್ಯಾಬಿಗೆ ಇದನ್ನೇ ಬರೆದೆ. ನಾಲ್ಕು ಕಡೆಯಿಂದ ಉತ್ತರ ಬಂತು. ಅವುಗಳಲ್ಲಿ ಮೂರನೆಯ ಪ್ರಶ್ನೆಗೆ ತಕ್ಷಣ ನಂಬರ್ ಕೊಟ್ಟ ಎರಡು ಲ್ಯಾಬಿನಲ್ಲೇ ನನ್ನ ಎರಡೂ ಪ್ರಾಜೆಕ್ಟ್ ಮಾಡಿದೆ.