ಕೋಳಿ ಗೊರಗುಟ್ಟಿದರೆ ಅಂಗಡಿ ಔಷಧಿ ನಂಬಿ ಕೂರಬೇಡಿ

ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ಬ್ರಾಯ್ಲರ್ ಕೋಳಿ ಸಾಕುವವರು ದಯವಿಟ್ಟು ಇದನ್ನು ಓದಿ. ಚಳಿಗಾಲದ ಬ್ಯಾಚ್ ಬಿಡುವ ಮುಂಚೆಯೇ ಓದಿದರೆ ಇನ್ನೂ ಒಳ್ಳೆಯದು.

ಕಳೆದ ಮಾಗಿ ಚಳಿಯಲ್ಲಿ ನಮ್ಮ ಶೆಡ್ಡಿನ ಮರಿಗಳು ಸೀನಲು ಶುರು ಮಾಡಿದವು. ರಾತ್ರಿ ಲೈಟ್ ಆರಿಸಿ ನಿಂತರೆ ಶೆಡ್ ತುಂಬಾ ಗೊರಗೊರ ಸದ್ದು. ಔಷಧಿ ಅಂಗಡಿಯವರನ್ನು ಕೇಳಿದೆವು. "ಸುಮ್ನೆ ಶೀತ ಅಣ್ಣ, ಸಿ.ಆರ್.ಡಿ. (ಕೋಳಿಗಳ ದೀರ್ಘಕಾಲದ ಉಸಿರಾಟದ ರೋಗ) ಇರ್ಬೇಕು. ಇದನ್ನ ನೀರಿಗೆ ಹಾಕಿ, ಪರದೆ ಬಿಗಿಯಾಗಿ ಕಟ್ಟಿ" ಅಂದರು. ಒಂದು ಆಂಟಿಬಯಾಟಿಕ್ ಕೆಲಸ ಮಾಡದಿದ್ದರೆ ಇನ್ನೊಂದು ಕೊಟ್ಟರು, ಆಮೇಲೆ ಅದಕ್ಕಿಂತ ದುಬಾರಿಯದು. ಸತ್ತ ಕೋಳಿಯನ್ನು ಕೊಯ್ದು ನೋಡೋಣ ಅಂತ ಒಂದು ಸಲವೂ ಹೇಳಲಿಲ್ಲ. ಸಾವು ಏರುತ್ತಲೇ ಹೋಯಿತು.

ಕೊನೆಗೆ ಪಶು ಆಸ್ಪತ್ರೆಯ ಡಾಕ್ಟರು ಕೊಯ್ದು ತೋರಿಸಿದರು. ಹೃದಯದ ಮೇಲೆ ಹಾಲಿನ ಕೆನೆಯಂಥ ಬಿಳಿ ಪೊರೆ. ಈಲಿಯ ಮೇಲೂ ಅದೇ. ಕೋಳಿಯ ಗಾಳಿಚೀಲ ತೆಳ್ಳಗೆ, ಆಚೆ ಬದಿ ಕಾಣುವಷ್ಟು ತಿಳಿಯಾಗಿರಬೇಕು. ನಮ್ಮ ಕೋಳಿಗಳಲ್ಲಿ ಅದು ದಪ್ಪಗಾಗಿ, ಒಳಗೆ ಹಳದಿ ಕೀವು ಗಟ್ಟಿಕಟ್ಟಿತ್ತು. "ಸಾಯಿಸ್ತಿರೋದು ಇ. ಕೋಲಿ ಅನ್ನೋ ಬ್ಯಾಕ್ಟೀರಿಯಾ. ಆದ್ರೆ ಅದಕ್ಕೆ ದಾರಿ ಮಾಡಿದ್ದು ವೈರಸ್ ಇರ್ಬೇಕು" ಅಂದರು ಡಾಕ್ಟರು.

ಇದನ್ನು ಎಲ್ಲರೂ ತಿಳಿದುಕೊಳ್ಳಲೇಬೇಕು. ಕೋಳಿಯ ಶ್ವಾಸನಾಳದ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳಿರುತ್ತವೆ. ಧೂಳನ್ನೂ ಕ್ರಿಮಿಯನ್ನೂ ಮೇಲಕ್ಕೆ ತಳ್ಳುವುದು ಅವುಗಳ ಕೆಲಸ. ಇನ್ಫೆಕ್ಷಿಯಸ್ ಬ್ರಾಂಕೈಟಿಸ್ ಎಂಬ ಉಸಿರಾಟದ ರೋಗದ ವೈರಸ್ಸೋ ಕೊಕ್ಕರೆ ರೋಗದ (ರಾಣಿಖೇತ್) ವೈರಸ್ಸೋ ಮೊದಲು ಆ ಕೂದಲುಗಳನ್ನು ಹಾಳು ಮಾಡುತ್ತದೆ. ಆಮೇಲೆ ಲಿಟ್ಟರ್‌ನಲ್ಲಿ (ನೆಲಕ್ಕೆ ಹಾಸುವ ಹೊಟ್ಟಿನಲ್ಲಿ), ಧೂಳಿನಲ್ಲಿ ಯಾವಾಗಲೂ ಇರುವ ಇ. ಕೋಲಿ ಸೀದಾ ಗಾಳಿಚೀಲಕ್ಕೆ ಇಳಿಯುತ್ತದೆ. ಸಿ.ಆರ್.ಡಿ. ತರುವ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಕೂಡ ಜೊತೆಗೆ ಸೇರಿದರೆ ಸಾವು ಇನ್ನೂ ಜಾಸ್ತಿ. ಆಂಟಿಬಯಾಟಿಕ್ ವೈರಸ್ಸನ್ನು ಏನೂ ಮಾಡಲಾರದು. ಇ. ಕೋಲಿಗೂ ಯಾವುದು ನಾಟುತ್ತದೆ ಅಂತ ಲ್ಯಾಬಿನಲ್ಲಿ ನೋಡಿಯೇ ಹೇಳಬೇಕು.

ಪರದೆ ಬಿಗಿಯಾಗಿ ಕಟ್ಟಿ ಅಂದದ್ದಂತೂ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಗಾಳಿ ಆಡದೆ, ಹಿಕ್ಕೆಯಿಂದ ಏಳುವ ಅಮೋನಿಯ ಅನಿಲ 25 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಕ್ಕೆ 25 ಭಾಗ) ದಾಟಿದರೆ ಆ ಕೂದಲುಗಳಿಗೆ ಅದರಿಂದಲೂ ಪೆಟ್ಟು. ಅಳೆಯುವ ಯಂತ್ರ ಇಲ್ಲದಿದ್ದರೂ ಪರವಾಗಿಲ್ಲ, ಒಳಗೆ ಹೋದ ಕೂಡಲೇ ಕಣ್ಣು ಉರಿದರೆ ಆಗಲೇ ಮಿತಿ ಮೀರಿದೆ ಅಂತಲೇ ಅರ್ಥ. ಚಳಿಯಿದ್ದರೂ ಪರದೆಯ ಮೇಲ್ಗಡೆ ಸ್ವಲ್ಪ ಸಂದು ಬಿಡಿ. ಒದ್ದೆಯಾದ ಹೊಟ್ಟನ್ನು ತೆಗೆದು ಒಣಗಿದ್ದು ಹಾಕಿ.

ಕೊಕ್ಕರೆ ರೋಗಕ್ಕೆ ಹಾಕುವ ಲಸೋಟ ಲಸಿಕೆಯನ್ನು ನೀರಿನಲ್ಲಿ ಕೊಡುವವರು ಬ್ಲೀಚಿಂಗ್ ಪೌಡರ್ ಹಾಕಿದ ನೀರು ಬಳಸಬೇಡಿ. ಲಸಿಕೆಯಲ್ಲಿರುವುದು ಜೀವಂತ ವೈರಸ್, ಕ್ಲೋರಿನ್‌ಗೆ ಸತ್ತುಹೋಗುತ್ತದೆ. ಆಗಲೇ ಗೊರಗುಟ್ಟುತ್ತಿರುವ ಕೋಳಿಗೆ ಡಾಕ್ಟರನ್ನು ಕೇಳದೆ ಲಸಿಕೆ ಹಾಕಬೇಡಿ.

ಅಂಗಡಿಯವರು ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಕೊಡಲು ಬಂದರೆ ಬೇಡ ಅನ್ನಿ. ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ಅದನ್ನು ಮಾರುವುದನ್ನೇ ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದೆ. ಮನುಷ್ಯರಿಗೆ ಬೇರೆ ಯಾವ ಔಷಧಿಯೂ ನಾಟದಾಗ ಉಳಿಯುವ ಔಷಧಿ ಅದು. ಬೇರೆ ಯಾವುದೇ ಆಂಟಿಬಯಾಟಿಕ್ ಕೊಟ್ಟಿದ್ದರೂ ಬಾಟಲಿ ಮೇಲೆ ಹೇಳಿದಷ್ಟು ದಿನ ಕಳೆಯದೆ ಕೋಳಿ ಮಾರಬೇಡಿ, ತಿನ್ನುವವರೂ ನಮ್ಮವರೇ ಅಲ್ವಾ.

ಒಂದೇ ಸಮನೆ ರಾಶಿ ರಾಶಿ ಕೋಳಿ ಸತ್ತರೆ ನೀವೇ ಕೊಯ್ಯಲು ಹೋಗಬೇಡಿ, ಹಕ್ಕಿಜ್ವರವೂ ಇರಬಹುದು. ಹತ್ತಿರದ ಪಶು ಆಸ್ಪತ್ರೆಗೆ ತಕ್ಷಣ ತಿಳಿಸಿ. ಸತ್ತ ಕೋಳಿಯನ್ನು ನಾಲೆಗೆ ಎಸೆಯದೆ ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿ. ಕೆಳಗಿನ ಊರಿನ ಫಾರಂಗಳೂ ಅದೇ ನೀರನ್ನು ಬಳಸುತ್ತವೆ.