ಪಿತ್ತಕೋಶದಲ್ಲಿ ಕಲ್ಲಿದ್ದರೆ ಕಾಫಿ ಎನಿಮಾ ತಂಟೆಗೆ ಹೋಗಬೇಡಿ

ಇದನ್ನು ಬರೆಯಲು ಸ್ವಲ್ಪ ಮುಜುಗರವೇ. ಎನಿಮಾ ತಗೊಂಡ, ಅಂದರೆ ಗುದದ್ವಾರದಿಂದ ಕರುಳಿಗೆ ಕಾಫಿ ಬಿಟ್ಟುಕೊಂಡ ಕಥೆಯನ್ನು ಯಾರಾದರೂ ಹೇಳಿಕೊಂಡು ತಿರುಗುತ್ತಾರಾ? ಆದರೆ ಪಿತ್ತಕೋಶದಲ್ಲಿ ಕಲ್ಲಿಟ್ಟುಕೊಂಡು, ಆಪರೇಷನ್ ಎಂದರೆ ಹೆದರಿ, ಅಡ್ಡದಾರಿ ಹುಡುಕುವವರು ನನ್ನ ಹಾಗೆ ತುಂಬಾ ಜನ ಇದ್ದಾರೆ.

ಬೇರೆ ಯಾವುದಕ್ಕೋ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದಾಗ ಕಲ್ಲುಗಳು ಕಂಡವು. ಎಲ್ಲವೂ ಸಣ್ಣವು, ಮೂರ್ನಾಲ್ಕು ಮಿಲಿಮೀಟರ್‌ನವು. ಕಲ್ಲಿರುವ ಹೆಚ್ಚಿನವರಿಗೆ ಜೀವನಪೂರ್ತಿ ಏನೂ ಆಗುವುದಿಲ್ಲ, ನೋವು ಬಂದರೆ ಬನ್ನಿ ಎಂದರು ವೈದ್ಯರು. ನಾನು ಅಷ್ಟಕ್ಕೆ ಸುಮ್ನೆ ಇರಬೇಕಿತ್ತು.

ಪರಿಚಯದವರ ಮೂಲಕ ಡಿಟಾಕ್ಸ್, ಅಂದರೆ ದೇಹಶುದ್ಧಿ ಹೇಳಿಕೊಡುವ ಒಬ್ಬ ಮಹಿಳೆ ಸಿಕ್ಕರು. ಕಾಫಿ ಎನಿಮಾ ಪಿತ್ತನಾಳವನ್ನು ಅಗಲ ಮಾಡುತ್ತದೆ, ಪಿತ್ತಕೋಶವನ್ನು ಹಿಂಡುತ್ತದೆ, ಸಣ್ಣ ಕಲ್ಲುಗಳು ತಾವಾಗಿ ಜಾರಿ ಹೋಗುತ್ತವೆ ಎಂದರು. ಮ್ಯಾಕ್ಸ್ ಗೆರ್ಸನ್ ಎಂಬ ಜರ್ಮನಿ ಮೂಲದ ವೈದ್ಯರ ಹೆಸರನ್ನೂ ಹೇಳಿದರು. ಅವರು ಕ್ಯಾನ್ಸರ್ ರೋಗಿಗಳಿಗೆ ಕಾಫಿ ಎನಿಮಾ ಕೊಡುತ್ತಿದ್ದದ್ದು ನಿಜ. ಅದರಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಎನ್ನುವುದಕ್ಕೆ ಪುರಾವೆ ಇಲ್ಲ ಅನ್ನೋದು ನನಗೆ ಆಮೇಲೆ ತಿಳಿಯಿತು.

ಮೊದಲ ಮೂರು ದಿನ ಏನೂ ಆಗಲಿಲ್ಲ. ಸೋಸಿದ ಕಾಫಿಯನ್ನು ಆರಿಸಿ, ಮೊಣಕೈಗೆ ಹನಿಸಿ ಬಿಸಿ ನೋಡಿಕೊಂಡು, ಬಾತ್‌ರೂಮಿನ ನೆಲದ ಮೇಲೆ ಟವೆಲ್ ಹಾಸಿ ಬಲ ಮಗ್ಗುಲಿಗೆ ಮಲಗುತ್ತಿದ್ದೆ. ಮೊಬೈಲಿನಲ್ಲಿ 12 ನಿಮಿಷ ಎಣಿಸಬೇಕು. ಎದ್ದ ಮೇಲೆ ಮೈ ಹಗುರ ಅನಿಸುತ್ತಿತ್ತು. ಕೆಫೀನ್ ದೊಡ್ಡ ಕರುಳಿನಿಂದಲೂ ರಕ್ತಕ್ಕೆ ಸೇರುತ್ತದೆ, ಹೊಟ್ಟೆಯೂ ಖಾಲಿಯಾಗಿರುತ್ತದೆ, ಹಗುರ ಅನಿಸದೆ ಇನ್ನೇನು!

ನಾಲ್ಕನೇ ದಿನ ರಾತ್ರಿ ಬಲಗಡೆ ಪಕ್ಕೆಲುಬಿನ ಕೆಳಗೆ ಶುರುವಾದ ನೋವು ಬೆನ್ನಿಗೆ ಹೋಯಿತು. ಮಲಗಿದರೆ ಜಾಸ್ತಿ, ಮುಂದಕ್ಕೆ ಬಗ್ಗಿ ಕೂತರೆ ಸ್ವಲ್ಪ ಕಡಿಮೆ. ಆಕೆಗೆ ಫೋನ್ ಮಾಡಿದೆ. "ಒಳ್ಳೇದೇ ಆಯ್ತು, ಕಲ್ಲು ಹೊರಡ್ತಾ ಇದೆ. ಇನ್ನೊಂದು ಎನಿಮಾ ತಗೊಳ್ಳಿ" ಎಂದರು. ನಾನು ತಗೊಂಡೆ. ಈಗಲೂ ನನಗೆ ಕೋಪ ಬರುವುದು ಆಕೆಯ ಮೇಲಲ್ಲ, ಆ ಹೊತ್ತಿನಲ್ಲಿ ಟವೆಲ್ ಹಾಸಿದ ನನ್ನ ಮೇಲೆ. ಬೆಳಿಗ್ಗೆ ವಾಂತಿ, ಚಳಿ. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಕಣ್ಣು ಹಳದಿಯಾಗಿದೆ ಎಂದು ಮನೆಯವರು ಹೇಳಿದ ಮೇಲೆ ಆಸ್ಪತ್ರೆಗೆ ಹೋದೆವು.

ಒಂದು ಕಲ್ಲು ಪಿತ್ತಕೋಶದಿಂದ ಜಾರಿ ಮುಖ್ಯ ಪಿತ್ತನಾಳದ ತುದಿಯಲ್ಲಿ ಸಿಕ್ಕಿಕೊಂಡಿತ್ತು. ಮೇದೋಜೀರಕ ಗ್ರಂಥಿಯ ನಾಳವೂ ಸಾಮಾನ್ಯವಾಗಿ ಅಲ್ಲೇ ಬಂದು ಸೇರುತ್ತದೆ. ಹಾಗಾಗಿ ಪಿತ್ತ ಹಿಂದಕ್ಕೆ ನಿಂತು ಕಾಮಾಲೆ, ಜೊತೆಗೆ ಆ ಗ್ರಂಥಿಗೆ ಉರಿಯೂತ. ರಕ್ತದಲ್ಲಿ ಆ ಗ್ರಂಥಿಯ ಕಿಣ್ವವಾದ ಲೈಪೇಸ್ ವಿಪರೀತ ಏರಿತ್ತು. ಸಣ್ಣ ಕಲ್ಲು ಅಂದರೆ ಭಯವಿಲ್ಲ ಎಂದುಕೊಂಡಿದ್ದೆ. ಆಗಿದ್ದು ಉಲ್ಟಾ. ದೊಡ್ಡ ಕಲ್ಲು ಎಷ್ಟೋ ಸಲ ಪಿತ್ತಕೋಶದ ಬಾಯಿ ದಾಟುವುದೇ ಇಲ್ಲ, ಸಣ್ಣದು ನುಸುಳಿ ಬಂದು ಕೆಳಗೆ ಸಿಕ್ಕಿಕೊಳ್ಳುತ್ತದೆ. ಕಿಡ್ನಿ ಕಲ್ಲಿನ ಹಾಗೆ ಇದನ್ನು ತಳ್ಳಿ ಕಳಿಸುವ ಯೋಚನೆಯೇ ತಪ್ಪು.

ಕಾಫಿಯಿಂದಲೇ ಜಾರಿತು ಎಂದು ವೈದ್ಯರು ಹೇಳಲಿಲ್ಲ. ತಾನಾಗಿಯೂ ಜಾರಬಹುದು ಎಂದರು. ಆದರೆ ಯೋಚಿಸಿ. ಆಕೆ ಹೇಳಿದ್ದನ್ನು ಎನಿಮಾ ಮಾಡದಿದ್ದರೆ ಅದು ದಂಡ. ಮಾಡಿದರೆ, ಅಂದರೆ ನಿಜಕ್ಕೂ ಪಿತ್ತಕೋಶವನ್ನು ಹಿಂಡಿದರೆ, ಕಲ್ಲಿರುವವರಿಗೆ ಅದೇ ಅಪಾಯ. ಕಾಫಿ ಕುಡಿದರೆ ಪಿತ್ತಕೋಶ ಕುಗ್ಗುತ್ತದೆ ಎಂಬುದು ಪರೀಕ್ಷೆಗಳಲ್ಲಿ ಕಂಡಿದೆ, ಕೆಫೀನ್ ತೆಗೆದ ಕಾಫಿಯಲ್ಲೂ.

ಕಲ್ಲಿಲ್ಲದವರಿಗೂ ಇದು ಆಟವಲ್ಲ. ಕಾಫಿ ಬಿಸಿಯಾಗಿದ್ದು ಗುದನಾಳ ಸುಟ್ಟವರಿದ್ದಾರೆ, ಕರುಳು ಊದಿಕೊಂಡವರಿದ್ದಾರೆ. ಪದೇ ಪದೇ ತಗೊಂಡರೆ ಸೋಡಿಯಂ, ಪೊಟ್ಯಾಸಿಯಂ ಏರುಪೇರಾಗಿ ಹೃದಯಕ್ಕೇ ತೊಂದರೆ. ಇಬ್ಬರು ಸತ್ತ ವರದಿ 1980ರಲ್ಲೇ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು.

ಎನಿಮಾ ಜೊತೆಗೆ ಆಲಿವ್ ಎಣ್ಣೆ, ನಿಂಬೆರಸ ಕುಡಿಯಿರಿ, ಹಸಿರು ಕಲ್ಲು ಹೊರಬರುತ್ತದೆ ಎಂದೂ ಹೇಳುತ್ತಾರೆ. ಅಂಥ 'ಕಲ್ಲು'ಗಳನ್ನು ಲ್ಯಾಬ್‌ನಲ್ಲಿ ಪರೀಕ್ಷಿಸಿದಾಗ ಕೊಲೆಸ್ಟ್ರಾಲ್ ಸಿಗಲಿಲ್ಲ. ಕುಡಿದ ಎಣ್ಣೆಯೇ ಹೊಟ್ಟೆಯೊಳಗೆ ಸಾಬೂನಾಗಿ ಗಟ್ಟಿಯಾಗಿತ್ತು.

ನಿಮಗೆ ಕಲ್ಲಿದ್ದು, ಬಲ ಮೇಲ್ಹೊಟ್ಟೆಯ ನೋವು ಕೆಲವು ಗಂಟೆಯಾದರೂ ಇಳಿಯದಿದ್ದರೆ, ಅಥವಾ ಜ್ವರ, ಚಳಿ, ಹಳದಿ ಕಣ್ಣು, ಕಪ್ಪು ಮೂತ್ರ ಕಂಡರೆ ನೇರ ಆಸ್ಪತ್ರೆಗೆ ಹೋಗಿ, ರಾತ್ರಿಯಾದರೂ ಸರಿ. ನಾನು ಬೆಳಗಾಗುವವರೆಗೆ ಕಾದಿದ್ದು ಎರಡನೇ ದೊಡ್ಡ ತಪ್ಪು.

ನನಗೆ ಇಆರ್‌ಸಿಪಿ ಮಾಡಿ, ಬಾಯಿಯ ಮೂಲಕ ಟ್ಯೂಬ್ ಇಳಿಸಿ ಕಲ್ಲು ತೆಗೆದರು. ಉರಿಯೂತ ಇಳಿದ ಮೇಲೆ ಲ್ಯಾಪರೋಸ್ಕೋಪಿಯಲ್ಲಿ ಪಿತ್ತಕೋಶವನ್ನೂ ತೆಗೆದರು. ಯಾವ ಆಪರೇಷನ್‌ಗೆ ಹೆದರಿದ್ದೆನೋ ಅದೇ.

ಕೆಲವು ವಾರ ಬಿಟ್ಟು ಆಕೆಯ ಮೆಸೇಜ್ ಬಂತು: "ಕಲ್ಲು ಬಂತಾ?" ಬಂತು ಎಂದು ಬರೆದೆ, ಚೀಲದ ಸಮೇತ.