ಒಂದೇ ಶಿಖರ, ಎರಡು ದಾರಿ: ಕೊರಕಲಿನ ಹಾದಿಗೂ ಏಣಿನ ಹಾದಿಗೂ ಒಂದು ಹೋಲಿಕೆ

ಒಂದು ಶಿಖರಕ್ಕೆ ಎರಡು ದಾರಿಗಳಿದ್ದರೆ, ಯಾವುದರಲ್ಲಿ ಬೇಗ ತುದಿ ಮುಟ್ಟಬಹುದು ಎಂಬ ಪ್ರಶ್ನೆಯೇ ಸಾಮಾನ್ಯವಾಗಿ ಮೊದಲು ಬರುತ್ತದೆ. ಅಂತಹ ಎರಡು ದಾರಿಗಳಲ್ಲೂ ಏರಿ, ಎರಡರಲ್ಲೂ ಇಳಿದು ನೋಡಿದ ಮೇಲೆ ಆ ಪ್ರಶ್ನೆಯನ್ನು ನಾನು ಎರಡನೆಯ ಸ್ಥಾನಕ್ಕೆ ಸರಿಸಿದ್ದೇನೆ. ಒಂದು ದಿನದ ಮಧ್ಯಮ ಪ್ರಯಾಸದ ಚಾರಣದಲ್ಲಿ ದಾರಿಯ ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಇಳಿತ.

ನಾನು ಹೋಲಿಸುತ್ತಿರುವ ಬೆಟ್ಟದಲ್ಲಿ ಬುಡದಿಂದ ತುದಿಗೆ ಸುಮಾರು 800 ಮೀಟರ್ ಏರಿದೆ, ಮತ್ತು ಎರಡೂ ದಾರಿಗಳು ಒಂದೇ ಬುಡದಿಂದ ಹೊರಟು ಬೇರೆಯಾಗುತ್ತವೆ. ಕೊರಕಲಿನ ಹಾದಿಯ ಉದ್ದ ಸುಮಾರು 4 ಕಿಲೋಮೀಟರ್. ಮೊದಲ ಒಂದೂವರೆ ಕಿಲೋಮೀಟರ್ ಮರಗಳ ನಡುವೆ ಹೆಚ್ಚುಕಡಿಮೆ ಮಟ್ಟಸವಾಗಿ ಸಾಗಿ, ಉಳಿದ ಎರಡೂವರೆ ಕಿಲೋಮೀಟರಿನಲ್ಲಿ ಅದು 700 ಮೀಟರ್ ಏರುತ್ತದೆ. ಏಣಿನ ಹಾದಿ, ಅಂದರೆ ಬೆಟ್ಟದ ಬೆನ್ನಿನ ಮೇಲೆ ಸಾಗುವ ದಾರಿ, ಸುಮಾರು 7 ಕಿಲೋಮೀಟರ್ ಉದ್ದವಿದ್ದು, ಉದ್ದಕ್ಕೂ ಒಂದೇ ಹದದಲ್ಲಿ ಏರುತ್ತದೆ. ನಕ್ಷೆಯಲ್ಲಿ ಮೊದಲನೆಯದರ ಮೇಲ್ಭಾಗದ ಸಮೋನ್ನತ ರೇಖೆಗಳು (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು) ಒತ್ತೊತ್ತಾಗಿವೆ, ಎರಡನೆಯದರಲ್ಲಿ ಅವು ಬಿಡಿಬಿಡಿಯಾಗಿವೆ. ಒಟ್ಟು ಏರಿಕೆಯ ಅಂಕಿಯನ್ನಷ್ಟೇ ನೋಡುವವರ ಕಣ್ಣಿಗೆ ಈ ವ್ಯತ್ಯಾಸ ಬೀಳುವುದೇ ಇಲ್ಲ.

ಸಮಯವನ್ನು ಮೊದಲೇ ಅಂದಾಜು ಮಾಡಲು ನಾನು ಎರಡು ಸೂತ್ರಗಳನ್ನು ಬಳಸಿದ್ದೇನೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರದ ಪ್ರಕಾರ, ಪ್ರತಿ 5 ಕಿಲೋಮೀಟರ್ ದೂರಕ್ಕೆ ಒಂದು ಗಂಟೆ ಮತ್ತು ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಬೇಕು. ಅದರಂತೆ ಕೊರಕಲಿನಲ್ಲಿ ತುದಿ ಮುಟ್ಟಲು 2 ಗಂಟೆ 8 ನಿಮಿಷ, ಏಣಿನಲ್ಲಿ 2 ಗಂಟೆ 44 ನಿಮಿಷ ಬರುತ್ತದೆ. ಚಾರಣದ ಹಾದಿಗಳಿಗಾಗಿ ಇರುವ ಜರ್ಮನಿಯ ಡಿಐಎನ್ 33466 ಮಾನದಂಡದ ಲೆಕ್ಕ ಬೇರೆ: ಗಂಟೆಗೆ 4 ಕಿಲೋಮೀಟರ್ ದೂರ, 300 ಮೀಟರ್ ಏರು, 500 ಮೀಟರ್ ಇಳಿತ ಎಂದು ಹಿಡಿದು, ದೂರದ ಸಮಯ ಮತ್ತು ಎತ್ತರದ ಸಮಯ ಇವೆರಡರಲ್ಲಿ ದೊಡ್ಡದಕ್ಕೆ ಚಿಕ್ಕದರ ಅರ್ಧವನ್ನು ಕೂಡಿಸಬೇಕು. ಇದರಲ್ಲಿ ಕೊರಕಲಿಗೆ 3 ಗಂಟೆ 10 ನಿಮಿಷ, ಏಣಿನ ಹಾದಿಗೆ ಸುಮಾರು ಮೂರೂವರೆ ಗಂಟೆ. ಬೆನ್ನುಚೀಲ ಹೊತ್ತು, ನೀರು ಕುಡಿಯಲು ಆಗಾಗ ನಿಂತು, ಮಾತನಾಡುತ್ತಾ ನಡೆಯುವ ಸಾಮಾನ್ಯ ಚಾರಣಿಗನಿಗೆ ಎರಡನೆಯ ಲೆಕ್ಕವೇ ಹತ್ತಿರ. ನೈಸ್ಮಿತ್ ಸೂತ್ರವು ಚೆನ್ನಾಗಿ ಪಳಗಿದ, ಎಲ್ಲೂ ನಿಲ್ಲದ ಕಾಲುಗಳಿಗೆ ಸೇರಿದ್ದು. ಹೀಗೆ ನೋಡಿದರೆ ಮೂರು ಕಿಲೋಮೀಟರ್ ಕಡಿಮೆ ನಡೆದು ಏರಿನಲ್ಲಿ ಉಳಿಸುವ ಸಮಯ ಇಪ್ಪತ್ತು ನಿಮಿಷಗಳ ಆಸುಪಾಸಿನದು.

ಇಳಿತಕ್ಕೆ ಬಂದಾಗ ಆ ಉಳಿತಾಯವೂ ಅನುಮಾನಕ್ಕೆ ಒಳಗಾಗುತ್ತದೆ. ನೈಸ್ಮಿತ್ ಸೂತ್ರಕ್ಕೆ ಬ್ರಿಟಿಷ್ ಪರ್ವತಾರೋಹಿ ಎರಿಕ್ ಲ್ಯಾಂಗ್‌ಮ್ಯೂರ್ ಸೇರಿಸಿದ ತಿದ್ದುಪಡಿಯಂತೆ, 5ರಿಂದ 12 ಡಿಗ್ರಿಯ ಸೌಮ್ಯ ಇಳಿಜಾರಿನಲ್ಲಿ ಪ್ರತಿ 300 ಮೀಟರ್ ಇಳಿತಕ್ಕೆ 10 ನಿಮಿಷ ಕಳೆಯಬೇಕು, 12 ಡಿಗ್ರಿಗಿಂತ ಕಡಿದಾದ ಇಳಿಜಾರಿನಲ್ಲಿ ಅಷ್ಟನ್ನೇ ಕೂಡಿಸಬೇಕು. ಏಣಿನ ಇಳಿಜಾರು ಸರಾಸರಿ ಆರೂವರೆ ಡಿಗ್ರಿ, ಕೊರಕಲಿನ ಮೇಲ್ಭಾಗದ್ದು 15 ಡಿಗ್ರಿಗೂ ಹೆಚ್ಚು. ಲೆಕ್ಕ ಹಾಕಿದರೆ ಕೊರಕಲಿನಲ್ಲಿ ಇಳಿಯಲು 70 ನಿಮಿಷಕ್ಕಿಂತ ತುಸು ಹೆಚ್ಚು, ಏಣಿನಲ್ಲಿ ಒಂದು ಗಂಟೆಗಿಂತಲೂ ಕಡಿಮೆ ಬರುತ್ತದೆ! ಏಳು ಕಿಲೋಮೀಟರನ್ನು ಅಷ್ಟು ಬೇಗ ಇಳಿಯುವ ಮಾತನ್ನು ನನ್ನ ಕಾಲುಗಳು ಒಪ್ಪುವುದಿಲ್ಲ. ಆದರೆ ಆ ಲೆಕ್ಕ ತೋರಿಸುವ ದಿಕ್ಕನ್ನು ಒಪ್ಪುತ್ತವೆ. ಏಣಿನಲ್ಲಿ ಇಳಿಯುವಾಗ ಹೆಜ್ಜೆ ತಾನಾಗಿಯೇ ಉದ್ದವಾಗುತ್ತದೆ, ಕಣ್ಣು ದಾರಿ ಬಿಟ್ಟು ಸುತ್ತಲೂ ಹರಿಯಬಹುದು. ಕೊರಕಲಿನಲ್ಲಿ ಸಡಿಲ ಕಲ್ಲುಗಳ ನಡುವೆ ಪ್ರತಿ ಹೆಜ್ಜೆಯನ್ನೂ ಆಯ್ದು ಇಡಬೇಕಾಗುತ್ತದೆ. ಮೇಲಿನಿಂದ ಬರುವವರ ಕಾಲಿಗೆ ಸಿಕ್ಕ ಕಲ್ಲು ಕೆಳಗಿನವರ ಮೇಲೆ ಉರುಳದಂತೆ ಗುಂಪಿನವರು ಒಬ್ಬರ ಹಿಂದೆ ಒಬ್ಬರು ಒತ್ತಾಗಿ ಅಥವಾ ಸರದಿಯಲ್ಲಿ ಇಳಿಯಬೇಕಾಗುತ್ತದೆ.

ದೇಹದ ದೃಷ್ಟಿಯಿಂದಲೂ ಇದಕ್ಕೆ ಕಾರಣವಿದೆ. ಏರುವಾಗ ತೊಡೆಯ ಸ್ನಾಯುಗಳು ಕುಗ್ಗುತ್ತಾ ಕೆಲಸ ಮಾಡುತ್ತವೆ; ಇಳಿಯುವಾಗ ಅವು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಯಬೇಕು. ಮಾರನೆಯ ದಿನ ಮೆಟ್ಟಿಲಿಳಿಯುವಾಗ ತೊಡೆ ನೋಯುವುದು ಹೆಚ್ಚಾಗಿ ಈ ಎರಡನೆಯ ಕೆಲಸದ ಫಲ. ಏರಿ ದಣಿದ ಸ್ನಾಯುಗಳ ಮೇಲೆಯೇ ಈ ಹೊರೆ ಬೀಳುವುದರಿಂದ ಜಾರುವ, ಕಾಲು ಉಳುಕುವ ಸಾಧ್ಯತೆ ದಿನದ ಉತ್ತರಾರ್ಧದಲ್ಲಿ ಹೆಚ್ಚು. ಊರುಗೋಲುಗಳು ಮಂಡಿಯ ಮೇಲಿನ ಭಾರವನ್ನು ಸ್ವಲ್ಪ ಹಂಚಿಕೊಳ್ಳುತ್ತವೆ. ಏಣಿನಲ್ಲಿ ಅವು ನನಗೆ ಬಹಳ ಉಪಯೋಗಕ್ಕೆ ಬಂದವು, ಬಂಡೆ ಹಿಡಿದು ಇಳಿಯಬೇಕಾದ ಕೊರಕಲಿನಲ್ಲಿ ಮಾತ್ರ ಕೈಗೆ ತೊಡಕಾದವು.

ಇಷ್ಟರಿಂದ ಏಣಿನ ಹಾದಿಯೇ ಎಲ್ಲ ರೀತಿಯಲ್ಲೂ ಮೇಲು ಎಂದು ತೀರ್ಮಾನಿಸುವಂತಿಲ್ಲ. ಹವಾಮಾನದ ವಿಷಯದಲ್ಲಿ ಅದು ದುರ್ಬಲ. ಎತ್ತರ ಹೆಚ್ಚಿದಂತೆ ಉಷ್ಣಾಂಶವು ಪ್ರತಿ ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ, ಅಂದರೆ ಈ ಬೆಟ್ಟದ ತುದಿಯಲ್ಲಿ ಬುಡಕ್ಕಿಂತ ಸುಮಾರು 5 ಡಿಗ್ರಿ ಕಡಿಮೆ. ಇದು ಎರಡೂ ದಾರಿಗಳಿಗೆ ಸಮಾನವಾದರೂ, ಏಣಿನಲ್ಲಿ ಗಾಳಿಗೆ ಗಂಟೆಗಟ್ಟಲೆ ಮೈಯೊಡ್ಡಬೇಕು. ಗುಡುಗು ಮಿಂಚಿನ ಹೊತ್ತಿಗೆ ತೆರೆದ ಏಣಿನ ಮೇಲಿರುವುದು ಅಪಾಯಕರ. ಮಿಂಚು ಕಂಡ 30 ಸೆಕೆಂಡುಗಳ ಒಳಗೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು 10 ಕಿಲೋಮೀಟರಿಗಿಂತ ಹತ್ತಿರವಿದೆ ಎಂದರ್ಥ, ಆಗ ತುದಿಯ ಆಸೆ ಬಿಟ್ಟು ಕೆಳಗಿಳಿಯಬೇಕು. ಏಣಿನಿಂದ ಪಕ್ಕಕ್ಕೆ ಸುರಕ್ಷಿತವಾಗಿ ಇಳಿಯುವ ಜಾಗಗಳು ಎಲ್ಲೆಲ್ಲಿವೆ ಎಂಬುದನ್ನು ಹೊರಡುವ ಮೊದಲೇ ನಕ್ಷೆಯಲ್ಲಿ ಗುರುತಿಸಿಕೊಂಡಿರಬೇಕು. ಕೊರಕಲಿಗೂ ತನ್ನ ದೋಷವಿದೆ: ಜೋರು ಮಳೆ ಬಂದರೆ ಮೇಲಿನ ನೀರೆಲ್ಲ ಅದರಲ್ಲೇ ಹರಿದು ಬರುತ್ತದೆ. ನೆರಳು ಮತ್ತು ತೊರೆ ಇರುವುದು ಕೊರಕಲಿನಲ್ಲಿ. ಏಣಿನಲ್ಲಿ ಎರಡೂ ಇಲ್ಲದ ಕಾರಣ ಗಂಟೆಗೆ ಅರ್ಧ ಲೀಟರಿನ ಲೆಕ್ಕದಲ್ಲಿ ಇಡೀ ದಿನದ ನೀರನ್ನು ಬುಡದಿಂದಲೇ ಹೊರಬೇಕು.

ಹೊರಡುವ ಹೊತ್ತನ್ನೂ ದಾರಿಯೇ ನಿರ್ಧರಿಸಿತು. ನಸುಕಿಗೆ ಮುಂಚೆ ಹಣೆಗೆ ಟಾರ್ಚ್ ಕಟ್ಟಿ ಹೊರಟಾಗ ಏಣಿನ ಸ್ಪಷ್ಟ ಹಾದಿಯಲ್ಲಿ ಯಾವ ತೊಂದರೆಯೂ ಆಗಲಿಲ್ಲ. ನೆಲ ಕಾಯುವ ಮೊದಲೇ, ಮಧ್ಯಾಹ್ನದ ಮೋಡಗಳು ಕಟ್ಟುವ ಮೊದಲೇ ತುದಿ ದಾಟಿ ಇಳಿಯತೊಡಗುವ ಅನುಕೂಲ ದೊಡ್ಡದು. ಕೊರಕಲಿನಲ್ಲಿ ಕವಲುಗಳು ಒಂದರಂತೆ ಒಂದು ಇರುವುದರಿಂದ ಬೆಳಕು ಹರಿದ ಮೇಲೆ ಹೊರಡುವುದೇ ವಾಸಿ.

ನಾನೀಗ ಹೆಚ್ಚು ಇಷ್ಟಪಡುವುದು ಮೂರನೆಯ ಆಯ್ಕೆಯನ್ನು: ಕೊರಕಲಿನಲ್ಲಿ ಏರಿ ಏಣಿನಲ್ಲಿ ಇಳಿಯುವ ಸುತ್ತುದಾರಿ. ಕಡಿದಾದ ಭಾಗ ಹೊಸ ಕಾಲುಗಳಿಗೆ, ಬೆಳಗಿನ ನೆರಳಿಗೆ ಸಿಗುತ್ತದೆ; ದಣಿದ ಕಾಲುಗಳಿಗೆ ಸೌಮ್ಯ ಇಳಿಜಾರು ಉಳಿಯುತ್ತದೆ. ಆದರೆ ಹೋದ ದಾರಿಯಲ್ಲೇ ಮರಳುವಾಗ ಪ್ರತಿ ತಿರುವೂ ಕಂಡದ್ದಾಗಿರುತ್ತದೆ, ಸುತ್ತುದಾರಿಯಲ್ಲಿ ಇಳಿತವೆಲ್ಲವೂ ಹೊಸದು. ಆದ್ದರಿಂದ ಬೆಟ್ಟಕ್ಕೆ ಹೊಸಬರಾದವರು ಮೊದಲ ಸಲ ಏಣಿನಲ್ಲೇ ಹೋಗಿ ಏಣಿನಲ್ಲೇ ಬರುವುದು ಲೇಸು. ಸುತ್ತುದಾರಿಯಲ್ಲಿ ಹಿಂದಿರುಗುವ ನಿರ್ಧಾರವನ್ನು ತುದಿಯವರೆಗೆ ಮುಂದೂಡುವಂತಿಲ್ಲ, ಏಕೆಂದರೆ ಅರ್ಧಕ್ಕೆ ಬಿಟ್ಟರೆ ಇಳಿಯಬೇಕಾಗುವುದು ಕೊರಕಲಿನಲ್ಲಿಯೇ. ಹೀಗಾಗಿ ನಾನು ಆ ತೀರ್ಮಾನವನ್ನು ಮಟ್ಟಸ ದಾರಿ ಮುಗಿದು ಏರು ಶುರುವಾಗುವ ಜಾಗದಲ್ಲೇ ಮಾಡುತ್ತೇನೆ: ಅಲ್ಲಿಗೆ ತಲುಪುವಷ್ಟರಲ್ಲಿ ಅಂದಾಜಿಗಿಂತ ಅರ್ಧ ಗಂಟೆ ತಡವಾಗಿದ್ದರೆ, ಇಲ್ಲವೇ ತುದಿ ಆಗಲೇ ಮೋಡದಲ್ಲಿ ಮುಚ್ಚಿದ್ದರೆ, ಆ ದಿನ ಕೊರಕಲನ್ನು ಏರುವುದಿಲ್ಲ.